ನಿಸಿದಿಗಲ್ಲು ಮತ್ತು ಮುಂಗಡ ನಿರ್ದೇಶನ ಪತ್ರ

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವ ಸ್ತಂಭದ ಶಾಸನವು ಗಂಗ ದೊರೆ ಇಮ್ಮಡಿ ಮಾರಸಿಂಹನ ಅಂತ್ಯವನ್ನು ತಿಳಿಸುತ್ತದೆ. ಹತ್ತನೆಯ ಶತಮಾನದ ಈ ಅರಸನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ಸಮಾಧಿಮರಣವನ್ನು ಪಡೆದನು. ಅದೇ ಬೆಟ್ಟದ ಮತ್ತೊಂದು ಶಾಸನ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯದು. 1131ರಲ್ಲಿ ಮಗಳು ಶಿವಗಂಗೆಯಲ್ಲಿ ತೀರಿಕೊಂಡ ತರುವಾಯ ಆಕೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಪಂಚನಮಸ್ಕಾರವನ್ನು ಜಪಿಸುತ್ತ ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳು. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರರೆಂಬ ಗುರುಗಳು ಅದಕ್ಕೆ ಸಾಕ್ಷಿಗಳಾಗಿದ್ದರು.

ಈ ಎರಡು ಮರಣಗಳಿಗೂ ಸಮಾನವಾದ ಲಕ್ಷಣಗಳಿವೆ. ನಿರ್ಧಾರವು ಸಾಯುವವರದೇ, ಅದನ್ನು ಕೈಗೊಂಡಾಗ ಬುದ್ಧಿಯು ಎಚ್ಚರವಾಗಿತ್ತು, ಅದು ಗುರುಗಳ ಸಮ್ಮುಖದಲ್ಲಿ ನಡೆಯಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಲ್ಲೇಖನಕ್ಕೆ ಎಡೆಗೊಡುತ್ತದೆ; ವ್ರತಕ್ಕೆ ಮುನ್ನ ಸ್ವಜನ ಪರಿಜನರ ಕ್ಷಮೆಯನ್ನು ಕೋರಬೇಕೆನ್ನುತ್ತದೆ. ಪ್ರಜ್ಞೆ ತಪ್ಪಿದವನ ಪರವಾಗಿ ಮಗನಾಗಲಿ ಮಡದಿಯಾಗಲಿ ವ್ರತವನ್ನು ಸ್ವೀಕರಿಸಲು ಬಾರದು.

ಇಂದಿನ ಇಕ್ಕಟ್ಟು ಇಲ್ಲಿಯೇ ಇದೆ. ಪಾರ್ಶ್ವವಾಯುವೋ ಮರೆವಿನ ರೋಗವೋ ಬಂದು ಹಿರಿಯರು ಮಾತು ಕಳೆದುಕೊಂಡ ಮೇಲೆ ಕೃತಕ ಉಸಿರಾಟದ ಯಂತ್ರವನ್ನು ಹಾಕಿಸಬೇಕೆ ಬೇಡವೆ ಎಂಬುದನ್ನು ಮಕ್ಕಳು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ತೀರ್ಮಾನಿಸಬೇಕಾಗುತ್ತದೆ. ಸಹೋದರರ ವಿರಸಕ್ಕೆ ಅದೇ ಬೀಜವಾಗುವುದೂ ಉಂಟು.

ನ್ಯಾಯಾಂಗವು ಈ ವಿಷಯದಲ್ಲಿ ಕ್ರಮಿಸಿದ ಹಾದಿಯನ್ನು ನಾವು ಅರಿಯಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಬೇರೊಂದು ಪ್ರಕರಣದಲ್ಲಿ, 2018ರ ಮಾರ್ಚ್ 9ರಂದು, ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನೂ ಮುಂಗಡ ವೈದ್ಯಕೀಯ ನಿರ್ದೇಶನ ಪತ್ರವನ್ನೂ ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು, ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ತನ್ನ ಪರವಾಗಿ ಮಾತನಾಡತಕ್ಕವರ ಹೆಸರುಗಳನ್ನು ಅದರಲ್ಲಿ ನಮೂದಿಸಬೇಕು. ಚಿಕಿತ್ಸೆಯನ್ನು ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸುತ್ತವೆ. ಇದರ ಜಾರಿಗಾಗಿ ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಈ ಪತ್ರವು ಸಲ್ಲೇಖನವಲ್ಲ. ಸಲ್ಲೇಖನವು ಕಷಾಯಗಳನ್ನು ಕೃಶಗೊಳಿಸುವ ವ್ರತ. ಪತ್ರವು ನಿರರ್ಥಕ ಚಿಕಿತ್ಸೆ ಬೇಡವೆಂಬ ಹೇಳಿಕೆ. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದರೆ ಧರ್ಮಕ್ಕೂ ಕಾನೂನಿಗೂ ಅಪಚಾರ. ಆದರೆ ವ್ರತಕ್ಕೆ ಅವಕಾಶವಿಲ್ಲದ ಪ್ರಜ್ಞಾಹೀನ ಸ್ಥಿತಿಯಲ್ಲಿ ನಮ್ಮ ಇಚ್ಛೆಯನ್ನು ತಿಳಿಸುವ ಸಾಧನ ಅದೊಂದೇ.

ವ್ಯಾಪಾರಸ್ಥ ಕುಟುಂಬಗಳು ಇನ್ನೊಂದನ್ನು ಗಮನಿಸಬೇಕು. ಮಗನ ಹೆಸರಿಗೆ ಅಧಿಕಾರ ಪತ್ರ ಬರೆದುಕೊಟ್ಟರೆ ಎಲ್ಲವೂ ಸುಗಮವೆಂಬ ನಂಬಿಕೆ ಪ್ರಚಲಿತವಾಗಿದೆ. 1872ರ ಕರಾರು ಅಧಿನಿಯಮದ 201ನೆಯ ಕಲಮಿನಂತೆ, ಕೊಟ್ಟವನ ಚಿತ್ತಸ್ವಾಸ್ಥ್ಯ ಕೆಟ್ಟರೆ ಪ್ರತಿನಿಧಿಯ ಅಧಿಕಾರವೂ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಉಯಿಲಾದರೋ ಮರಣಾನಂತರವೇ ಊರ್ಜಿತ. ಇವೆರಡರ ನಡುವಿನ ಅವಧಿಯಲ್ಲಿ ಕುಟುಂಬದವರು ಪಾಲಕರ ನೇಮಕಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೇರಬೇಕಾಗಬಹುದು. ಆದುದರಿಂದ ಜಂಟಿ ಖಾತೆ, ಪಾಲುದಾರಿಕೆಯ ಕರಾರು, ಟ್ರಸ್ಟಿನ ಉತ್ತರಾಧಿಕಾರ ಇವುಗಳನ್ನು ಆರೋಗ್ಯವಿರುವಾಗಲೇ ಕ್ರಮಪಡಿಸುವುದು ವಿವೇಕ. ಅಪರಿಗ್ರಹದ ಅಭ್ಯಾಸಕ್ಕೂ ಅದು ಮೊದಲ ಮೆಟ್ಟಿಲು.

ಬಸದಿಯ ಟ್ರಸ್ಟುಗಳು ವರ್ಷಕ್ಕೊಮ್ಮೆ, ಪರ್ಯುಷಣದ ದಿನಗಳಲ್ಲಿ, ಒಬ್ಬ ವಕೀಲರನ್ನೂ ಒಬ್ಬ ವೈದ್ಯರನ್ನೂ ಕರೆಸಿ ಹಿರಿಯರಿಗೆ ಈ ವಿಷಯಗಳನ್ನು ತಿಳಿಸಿಕೊಡಲಿ. ಆದರೆ ಯಾರನ್ನೂ ಒತ್ತಾಯಿಸದಿರಲಿ. ಪತ್ರವನ್ನು ಬರೆಯುವುದೂ ಹಿಂತೆಗೆಯುವುದೂ ಅವರವರ ಸ್ವಾತಂತ್ರ್ಯ. ಮಾಚಿಕಬ್ಬೆ ಬಂಧುಗಳನ್ನು ಬೀಳ್ಕೊಂಡದ್ದು ತಾನೇ ಮಾತನಾಡಬಲ್ಲವಳಾಗಿದ್ದಾಗ. ನಾವೂ ಆಡಬೇಕಾದ ಮಾತನ್ನು ನಾಲಿಗೆಗೆ ಶಕ್ತಿಯಿರುವಾಗಲೇ ಮನೆಯವರೊಡನೆ ಆಡಿ ಮುಗಿಸೋಣ.