ಫೌಸ್ಟನ ಒಡಂಬಡಿಕೆ

ಪಿಶಾಚಿಯೊಡನೆ ಒಡಂಬಡಿಕೆ ಮಾಡಿಕೊಂಡ ಮನುಷ್ಯನ ಕಥೆ ಯೂರೋಪಿನಲ್ಲಿ ಪುರಾತನವಾದುದಾದರೂ, ಅದು ಫೌಸ್ಟನ ಹೆಸರಿನಿಂದ ಗ್ರಂಥರೂಪ ತಾಳಿ ಜನಸಾಮಾನ್ಯರ ಕೈಸೇರಿದುದು 1587ರಲ್ಲಿ, ಫ್ರಾಂಕ್‌ಫರ್ಟಿನ ಮುದ್ರಕ ಯೋಹಾನ್ ಸ್ಪೀಸನ ಮೂಲಕ. 24 ವರ್ಷಗಳ ಭೋಗಕ್ಕೂ ಜ್ಞಾನಕ್ಕೂ ಆತ್ಮವನ್ನೇ ಒತ್ತೆಯಿಟ್ಟು ಸ್ವರಕ್ತದಿಂದ ಪತ್ರ ಬರೆದುಕೊಟ್ಟ ಆ ಪಂಡಿತನಿಗೆ, ದಾಂಪತ್ಯವು ದೇವವಿಹಿತವಾದುದೆಂಬ ಕಾರಣದಿಂದಲೇ, ವಿವಾಹವು ನಿಷಿದ್ಧವಾಗಿತ್ತು.

ಈ ಕಠೋರ ಕಥೆಯ ಹೃದಯದಲ್ಲಿ ಪ್ರೇಮವನ್ನು ಪ್ರತಿಷ್ಠಾಪಿಸಿದವನು ಜರ್ಮನ್ ಕವಿ ಗಯಟೆ. ಶಿಶುಹತ್ಯೆಗೆ ಸೈತಾನನೇ ಪ್ರೇರಿಸಿದನೆಂದು ಹೇಳಿಕೆಯಿತ್ತ ಸುಸಾನಾ ಬ್ರಾಂಟ್ ಎಂಬ ಸೇವಕಿಯ ಶಿರಶ್ಛೇದವು 1772ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದಾಗ ಅದೇ ನಗರದಲ್ಲಿ ನ್ಯಾಯವಾದಿಯಾಗಿದ್ದ ಅವನು, 1808ರ ನಾಟಕದಲ್ಲಿ ಪ್ರೇಮವಂಚಿತೆಯಾಗಿ ಶಿಶುಹತ್ಯೆಗೈದ ಗ್ರೆಚೆನ್ನಳನ್ನು ಚಿತ್ರಿಸಿ, 1832ರಲ್ಲಿ ಪ್ರಕಟವಾದ ಎರಡನೆಯ ಭಾಗದಲ್ಲಿ ಅವಳ ಪ್ರಾರ್ಥನೆಯನ್ನು ಫೌಸ್ಟನ ಉದ್ಧಾರಕ್ಕೆ ಸಾಧನವನ್ನಾಗಿಸಿದನು. ಭಯವನ್ನು ಬೋಧಿಸಲು ಹುಟ್ಟಿದ ಕಥೆಯು ಹೀಗೆ ಕ್ಷಮೆಯ ಕಾವ್ಯವಾದುದು ಸಾಹಿತ್ಯದ ಇತಿಹಾಸದಲ್ಲಿ ವಂದನೀಯವಾದ ಪರಿವರ್ತನೆ.