ವಾಲ್ವು ರೇಡಿಯೋ ಮತ್ತು ಬಿಡಿಭಾಗಗಳ ಪ್ರಶ್ನೆ: ಒಂದು ಐತಿಹಾಸಿಕ ವಿವೇಚನೆ

ಗೃಹೋಪಯೋಗಿ ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರವು ಮನೆಗೆ ಬಂದ ದಿನವನ್ನು ಕುರಿತು ಬರೆಯುತ್ತಾರೆ. ಅದು ಕೆಟ್ಟು ನಿಂತ ದಿನವನ್ನು ಕುರಿತು ಬರೆಯುವವರು ವಿರಳ. ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ಆ ಕಾಲದ ರೇಡಿಯೋ ಪೆಟ್ಟಿಗೆಗಳು ಮೌನವಾದಾಗ ಅವುಗಳಿಗೆ ಬೇಕಾದ ಬಿಡಿಭಾಗ ಎಲ್ಲಿಂದ ಬರಬೇಕಾಗಿದ್ದಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿರುವುದು ಅಪರೂಪ. “ಹಿಂದಿನವರ ವಸ್ತುಗಳನ್ನು ಸರಿಪಡಿಸಬಹುದಾಗಿತ್ತು, ಇಂದಿನವನ್ನು ಎಸೆಯದೆ ಗತಿಯಿಲ್ಲ” ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಾಲ್ವು ರೇಡಿಯೋವಿನ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಯಂತ್ರದ ಸ್ವರೂಪವನ್ನು ಗಮನಿಸೋಣ. ೧೯೦೪ರಲ್ಲಿ ಫ್ಲೆಮಿಂಗನೂ ೧೯೦೬ರಲ್ಲಿ ಡಿ ಫಾರೆಸ್ಟನೂ ತಳಹದಿ ಹಾಕಿದ ವಾಲ್ವು ಗಾಜಿನ ಬುರುಡೆಯೊಳಗೆ ತಂತಿಯನ್ನು ಕಾಯಿಸಿ ಕೆಲಸಮಾಡುವಂಥದು. ಆದುದರಿಂದ ಅದು ಸವೆಯುವುದು ನಿಶ್ಚಿತ. ತಯಾರಕರು ಇದನ್ನು ಮುಚ್ಚಿಡಲಿಲ್ಲ. ವಾಲ್ವನ್ನು ಬೆಸೆಯದೆ, ಕೈಯಿಂದ ಕಿತ್ತು ಹೊಸದನ್ನು ಕೂರಿಸಲು ಅನುಕೂಲವಾಗುವಂತೆ ಸಾಕೆಟ್ಟಿನಲ್ಲಿ ನಿಲ್ಲಿಸಿದರು. ಅದರ ಹೆಸರಿನಲ್ಲಿಯೇ ಅದರ ಗುಣವನ್ನು ಬರೆದರು. ಯೂರೋಪಿನಲ್ಲಿ ೧೯೩೪ರಿಂದ ರೂಢಿಗೆ ಬಂದ ಕ್ರಮದಲ್ಲಿ ‘ಇಸಿಎಚ್ ೮೧’ ಎಂದರೆ, ‘ಇ’ ಅಕ್ಷರವು ಕಾಯಿಸುವ ತಂತಿಗೆ ೬.೩ ವೋಲ್ಟು ಬೇಕೆಂಬುದನ್ನೂ, ‘ಸಿ’ ಮತ್ತು ‘ಎಚ್’ ಅಕ್ಷರಗಳು ಒಂದೇ ಬುರುಡೆಯೊಳಗೆ ಎರಡು ಬಗೆಯ ವಾಲ್ವುಗಳಿವೆಯೆಂಬುದನ್ನೂ, ‘೮’ ಎಂಬ ಅಂಕಿಯು ಒಂಬತ್ತು ಕಾಲಿನ ಬುಡವನ್ನೂ ಸೂಚಿಸುತ್ತವೆ. ಬಿಡಿಭಾಗವು ದೊರೆಯಬೇಕಾದರೆ ಮೊದಲು ಅದಕ್ಕೆ ಎಲ್ಲರೂ ಒಪ್ಪಿದ ಹೆಸರೂ ಅಳತೆಯೂ ಇರಬೇಕೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಹೀಗಿದ್ದರೂ ದುರಸ್ತಿ ಸುಲಭವಾಗಿದ್ದಿತೆಂದು ಭಾವಿಸಲಾಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಲ್ವುಗಳು ಮೊದಲು ಸೇನೆಗೆ ಸಲ್ಲುತ್ತಿದ್ದುವು. ಅಮೆರಿಕದಲ್ಲಿ ೧೯೪೨ರ ಏಪ್ರಿಲ್ ತಿಂಗಳಲ್ಲಿ ಮನೆಬಳಕೆಯ ರೇಡಿಯೋಗಳ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಭಾರತದಲ್ಲಿ ೧೯೪೦ರಲ್ಲಿ ಯುದ್ಧದ ನಿಮಿತ್ತವಾಗಿ ಆರಂಭವಾದ ಆಮದು ನಿಯಂತ್ರಣವು ಯುದ್ಧ ಮುಗಿದರೂ ಮುಗಿಯಲಿಲ್ಲ. ೧೯೪೭ರ ಆಮದು-ರಫ್ತು ನಿಯಂತ್ರಣ ಕಾಯಿದೆಯಿಂದ ಅದು ಸ್ಥಿರವಾಯಿತು. ೧೯೫೭ರಲ್ಲಿ ವಿದೇಶೀ ವಿನಿಮಯದ ಮುಗ್ಗಟ್ಟು ತಲೆದೋರಿದ ಮೇಲೆ ಈ ಬಿಗಿ ಇನ್ನಷ್ಟು ಹೆಚ್ಚಿತು. ಉಕ್ಕಿನ ಕಾರ್ಖಾನೆಗಳ ಯಂತ್ರಗಳಿಗೂ ಒಂದು ಮನೆಯ ರೇಡಿಯೋವಿನ ವಾಲ್ವಿಗೂ ಬೇಕಾಗಿದ್ದುದು ಅದೇ ವಿದೇಶೀ ಹಣ. ಹಾಗಾಗಿ, ರಿಪೇರಿ ಬಲ್ಲವನು ಬೀದಿಯ ತುದಿಯಲ್ಲಿಯೇ ಇದ್ದರೂ, ಯಂತ್ರದ ಭವಿಷ್ಯ ಪರವಾನಗಿಯನ್ನು ಅವಲಂಬಿಸಿದ್ದಿತು.

ಈ ಪರಾಧೀನತೆಗೆ ದೊರೆತ ಉತ್ತರದಲ್ಲಿ ಬೆಂಗಳೂರಿನ ಪಾತ್ರ ಹಿರಿದು. ರಕ್ಷಣಾ ಸಚಿವಾಲಯದ ಅಧೀನದಲ್ಲಿ, ಫ್ರಾನ್ಸಿನ ಸಂಸ್ಥೆಯೊಂದರ ಸಹಕಾರದಿಂದ, ೧೯೫೪ರಲ್ಲಿ ಇಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಇದರಲ್ಲಿ ಇತಿಹಾಸದ ವಿಪರ್ಯಾಸವೊಂದಿದೆ. ಮರುವರ್ಷವೇ, ಎಂದರೆ ೧೯೬೨ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೂ ಕೈಹಾಕಿತು. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಅಷ್ಟರಲ್ಲಿ ವಾಲ್ವಿನ ಸ್ಥಾನವನ್ನು ಆಕ್ರಮಿಸತೊಡಗಿದ್ದಿತು. ವಾಲ್ವು ಸ್ವದೇಶಿಯಾದ ಗಳಿಗೆಯಲ್ಲಿಯೇ ಅದರ ಅಂತ್ಯವೂ ಗೋಚರಿಸಿತು.

ಅಭಾವದ ಕಾಲವೇ ದುರಸ್ತಿಗಾರರ ವಿದ್ಯೆಯನ್ನು ಬೆಳೆಸಿತೆಂಬುದು ನಮ್ಮ ಅಭಿಪ್ರಾಯ. ಯೂರೋಪಿನ ‘ಇಎಲ್ ೮೪’ ವಾಲ್ವೂ ಅಮೆರಿಕದ ‘೬ಬಿಕ್ಯೂ೫’ ವಾಲ್ವೂ ಬೇರೆ ಹೆಸರಿನ ಒಂದೇ ವಸ್ತು. ಇದನ್ನರಿಯದವನು ಮಾಲು ಇಲ್ಲವೆಂದು ಗಿರಾಕಿಯನ್ನು ಹಿಂದಕ್ಕೆ ಕಳುಹಿಸುವನು. ಅರಿತವನು ಪೆಟ್ಟಿಗೆಯಿಂದ ತೆಗೆದು ಕೊಡುವನು. ವಿದ್ಯುತ್ತನ್ನು ಒಮ್ಮುಖಗೊಳಿಸುವ ‘ಇಜೆಡ್ ೮೦’ ದೊರೆಯದಿದ್ದಲ್ಲಿ ಅರೆವಾಹಕ ಡಯೋಡುಗಳನ್ನು ಹಾಕಬಹುದು. ಆದರೆ ಹಾಗೆ ಹಾಕಿದಾಗ ವೋಲ್ಟೇಜು ಏರುವುದು. ಮಿಕ್ಕ ವಾಲ್ವುಗಳು ಕಾಯುವ ಮೊದಲೇ ಅದು ಹರಿದು ಹಳೆಯ ಕಂಡೆನ್ಸರುಗಳನ್ನು ಸುಡಬಹುದು. ಇದಕ್ಕೆ ತಕ್ಕ ರೆಸಿಸ್ಟರನ್ನು ಸೇರಿಸಬೇಕೆಂಬುದು ಅನುಭವದಿಂದ ಬರುವ ಜ್ಞಾನ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಬೀದಿ ಇವು ಬಿಡಿಭಾಗಗಳ ಪೇಟೆಗಳೆಂದು ಹೆಸರಾದುವು. ಇಂತಹ ಪೇಟೆಗಳು ಸರಕನ್ನು ಮಾತ್ರವಲ್ಲದೆ ಈ ಬಗೆಯ ತಿಳಿವಳಿಕೆಯನ್ನೂ ಕೈಯಿಂದ ಕೈಗೆ ದಾಟಿಸುತ್ತವೆ.

ಇಂದಿನ ಸ್ಥಿತಿಯೂ ವಿಚಾರಾರ್ಹವಾಗಿದೆ. ‘ಇಎಲ್ ೮೪’ ವಾಲ್ವು ಈಗಲೂ ಸ್ಲೊವಾಕಿಯಾ, ರಷ್ಯಾ ದೇಶಗಳಲ್ಲಿ ತಯಾರಾಗುತ್ತಿದೆ. ರೇಡಿಯೋವಿನ ಮೇಲಿನ ಗೌರವ ಇದಕ್ಕೆ ಕಾರಣವಲ್ಲ. ಗಿಟಾರ್ ವಾದಕರು ಬಳಸುವ ಧ್ವನಿವರ್ಧಕಗಳಿಗೆ ಅದು ಬೇಕಾಗಿದೆ. ರೇಡಿಯೋವಿನಲ್ಲಿ ಕಂಪನಾಂಕವನ್ನು ಬದಲಿಸುವುದೇ ಮುಖ್ಯ ಕೆಲಸವಾಗಿದ್ದ ‘ಇಸಿಎಚ್ ೮೧’ಕ್ಕೆ ಅಂತಹ ಪೋಷಕರು ಒದಗಲಿಲ್ಲ, ಅದನ್ನು ಹಳೆಯ ದಾಸ್ತಾನಿನಲ್ಲಿಯೇ ಹುಡುಕಬೇಕು. ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಭಾಗಗಳಲ್ಲಿ ಒಂದು ಉಳಿದು ಮತ್ತೊಂದು ಅಳಿದುದಕ್ಕೆ ಕಾರಣ ಅವುಗಳ ಗಟ್ಟಿತನವಲ್ಲ, ಪೆಟ್ಟಿಗೆಯ ಹೊರಗಿನ ಬೇಡಿಕೆ.

ಇಷ್ಟರಿಂದ, ನಾವು ಆರಂಭದಲ್ಲಿ ಉಲ್ಲೇಖಿಸಿದ ಜನಾಭಿಪ್ರಾಯ ಅರ್ಧ ಮಾತ್ರ ಸತ್ಯವೆಂದು ಹೇಳಬಹುದು. ಹಳೆಯ ಯಂತ್ರದ ರಚನೆ ದುರಸ್ತಿಗೆ ತೆರೆದಿದ್ದಿತು. ಬಿಡಿಭಾಗದ ಹಾದಿ ಬಹುಕಾಲ ಮುಚ್ಚಿದ್ದಿತು. ಆಮದಿನ ಪರವಾನಗಿ ವ್ಯವಸ್ಥೆ ೧೯೯೧ರಿಂದ ಸಡಿಲವಾಗಿ, ಬಳಕೆಯ ವಸ್ತುಗಳ ಮೇಲಿನ ಪರಿಮಾಣ ನಿರ್ಬಂಧಗಳು ೨೦೦೧ರ ಏಪ್ರಿಲ್ ತಿಂಗಳಲ್ಲಿ ತೊಲಗಿದುವು. ಈಗ ಹಾದಿ ತೆರೆದಿದೆ, ಯಂತ್ರವೇ ಮುಚ್ಚಿಕೊಂಡಿದೆ. ಬಟ್ಟೆ ಒಗೆಯುವ ಯಂತ್ರದ ನಿಯಂತ್ರಣ ಫಲಕದಲ್ಲಿ ಕೆಟ್ಟಿರುವುದು ಒಂದು ಸಣ್ಣ ಭಾಗವಾದರೂ, ಅದನ್ನು ಗುರುತಿಸುವ ನಕ್ಷೆ ದೊರೆಯದೆ, ಇಡೀ ಫಲಕವನ್ನೇ ಕೊಳ್ಳಬೇಕಾಗುವುದು ಸಾಮಾನ್ಯ.

ಈ ಕೊರತೆಯನ್ನು ನೀಗಲು ಈಗ ಶಾಸನಗಳು ಮುಂದೆ ಬಂದಿವೆ. ಯೂರೋಪಿನ ಒಕ್ಕೂಟದಲ್ಲಿ ೨೦೨೧ರ ಮಾರ್ಚಿಯಿಂದ ಜಾರಿಗೆ ಬಂದ ನಿಯಮಗಳಂತೆ, ಒಗೆಯುವ ಯಂತ್ರಗಳ ಗೊತ್ತಾದ ಬಿಡಿಭಾಗಗಳು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಹತ್ತು ವರ್ಷಗಳವರೆಗೆ ದೊರೆಯಬೇಕು. ಶೀತಕ ಯಂತ್ರಗಳ ಕೆಲವು ಭಾಗಗಳಿಗೆ ಈ ಅವಧಿ ಏಳು ವರ್ಷ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಜುಲೈ ತಿಂಗಳಲ್ಲಿ ‘ದುರಸ್ತಿಯ ಹಕ್ಕು’ ಎಂಬ ವಿಷಯವನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಇವು ಸ್ವಾಗತಾರ್ಹ ಪ್ರಯತ್ನಗಳೇ. ಆದರೆ ಶಾಸನವು ಭಾಗವನ್ನು ಒದಗಿಸಬಲ್ಲುದೇ ಹೊರತು ಕೈಗಾರಿಕೆಯ ಜಾಣ್ಮೆಯನ್ನು ತಾನೇ ಹುಟ್ಟಿಸಲಾರದು.

ಇತಿಹಾಸದ ವಿದ್ಯಾರ್ಥಿಗಳ ಕರ್ತವ್ಯ ಇಲ್ಲಿಯೇ ಇರುವುದು. ಯಾವ ವಾಲ್ವಿಗೆ ಯಾವುದು ಬದಲಿ, ಯಾವ ವರ್ಷ ಯಾವುದು ಸಿಕ್ಕಲಿಲ್ಲ, ಆಗ ಏನು ಮಾಡಿದರು ಎಂಬ ವಿವರಗಳು ಸರಕಾರದ ಕಡತಗಳಲ್ಲಿ ದೊರೆಯಲಾರವು. ಅವು ದುರಸ್ತಿಗಾರರ ನೆನಪಿನಲ್ಲಿಯೂ ಎಣ್ಣೆಗಲೆಯ ಲೆಕ್ಕದ ಪುಸ್ತಕಗಳಲ್ಲಿಯೂ ಉಳಿದಿದ್ದರೆ ಉಂಟು. ಆ ತಲೆಮಾರಿನವರು ಈಗ ಬಹಳ ಮುಪ್ಪಾಗಿದ್ದಾರೆ. ಶಾಸನಗಳ ಪಡಿಯಚ್ಚು ತೆಗೆಯಲು ಹಳ್ಳಿಹಳ್ಳಿಗೆ ಹೋಗುವ ಶ್ರದ್ಧೆಯಿಂದಲೇ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ರೇಡಿಯೋ ಅಂಗಡಿಗೂ ಹೋಗಿ ಕೇಳಿ ಬರೆದುಕೊಳ್ಳಬೇಕು. ಕಲ್ಲಿನ ಬರಹ ಇನ್ನೂ ಕೆಲವು ಶತಮಾನ ಕಾಯಬಲ್ಲುದು. ಈ ಬರಹಕ್ಕೆ ಅಷ್ಟು ಆಯುಸ್ಸಿಲ್ಲ.