'ಈವಿಲ್ ಎಂಪೈರ್': ರೇಜ್ ಬ್ಯಾಂಡಿನ ಎರಡನೇ ಆಲ್ಬಂ ಮತ್ತು ತಲೆಕೆಳಗಾದ ಬಾವುಟ

1996ರ ಏಪ್ರಿಲ್ 13, ಶನಿವಾರ ರಾತ್ರಿ. ನ್ಯೂಯಾರ್ಕಿನ ಎನ್‌ಬಿಸಿ ಸ್ಟುಡಿಯೋದಲ್ಲಿ 'ಸ್ಯಾಟರ್‌ಡೇ ನೈಟ್ ಲೈವ್'. ಅವತ್ತಿನ ಅತಿಥಿ ನಿರೂಪಕ ಸ್ಟೀವ್ ಫೋರ್ಬ್ಸ್. ಫೋರ್ಬ್ಸ್ ಪತ್ರಿಕೆಯ ಒಡೆಯ. ಎಲ್ಲರಿಗೂ 17% ಒಂದೇ ದರದ ತೆರಿಗೆ ಸಾಕು ಅಂತ ಪ್ರಚಾರ ಮಾಡಿ, ಆಗಷ್ಟೇ ರಿಪಬ್ಲಿಕನ್ ಅಧ್ಯಕ್ಷೀಯ ಸ್ಪರ್ಧೆಯಿಂದ ಹಿಂದೆ ಸರಿದಿದ್ದವರು. ಅವರ ಕಾರ್ಯಕ್ರಮದಲ್ಲಿ ಹಾಡೋಕೆ ಬಂದಿದ್ದು ರೇಜ್ ಅಗೇನ್ಸ್ಟ್ ದ ಮಷೀನ್. ಬ್ಯಾಂಡಿನವರು ಆಂಪ್ಲಿಫೈಯರ್‌ಗಳ ಮೇಲೆ ಅಮೆರಿಕದ ಬಾವುಟವನ್ನು ತಲೆಕೆಳಗಾಗಿ ನೇತುಹಾಕಿದ್ರು. ಪ್ರಸಾರ ಶುರುವಾಗುವ ಕೆಲವೇ ಕ್ಷಣ ಮೊದಲು ಸಿಬ್ಬಂದಿ ಅವನ್ನು ಕಿತ್ತರು. ಎರಡು ಹಾಡು ಅಂತಿದ್ದದ್ದು ಒಂದಕ್ಕೇ ನಿಂತಿತು, ಬ್ಯಾಂಡನ್ನು ಹೊರಗೆ ಕಳಿಸಲಾಯಿತು. ಮೂರು ದಿನದ ನಂತರ 'ಈವಿಲ್ ಎಂಪೈರ್' ಬಿಡುಗಡೆಯಾಯಿತು.

ಹೆಸರೇ ಒಂದು ತಿರುಗುಬಾಣ. 1983ರಲ್ಲಿ ರೇಗನ್ ಸೋವಿಯತ್ ಒಕ್ಕೂಟವನ್ನು 'ದುಷ್ಟ ಸಾಮ್ರಾಜ್ಯ' ಅಂದಿದ್ದರು. ಬ್ಯಾಂಡ್ ಅದೇ ಮಾತನ್ನು ಅಮೆರಿಕಕ್ಕೆ ಅಂಟಿಸಿತು.

ಮೊದಲ ಆಲ್ಬಂ ಬಂದದ್ದು 1992ರಲ್ಲಿ. ಎರಡನೆಯದಕ್ಕೆ ಮೂರೂವರೆ ವರ್ಷ ಯಾಕೆ ಬೇಕಾಯ್ತು? ಕಾರಣ ಸರಳ: ನಾಲ್ವರಿಗೂ ಹೊಂದಿಕೆಯಾಗ್ತಿರಲಿಲ್ಲ. ಗಾಯಕ ಜಾಕ್ ಡಿ ಲಾ ರೋಚಾಗೆ ಹಿಪ್‌ಹಾಪ್ ಕಡೆ ಒಲವು, ಗಿಟಾರಿಸ್ಟ್ ಟಾಮ್ ಮೊರೆಲ್ಲೊಗೆ ಹಾರ್ಡ್ ರಾಕ್. ಅಟ್ಲಾಂಟಾದಲ್ಲಿ ಒಂದೇ ಮನೆಯಲ್ಲಿದ್ದು ಹಾಡು ಕಟ್ಟುವ ಪ್ರಯತ್ನ ಜಗಳದಲ್ಲಿ ಮುಗಿಯಿತು. ಕೊನೆಗೆ ಬ್ರೆಂಡನ್ ಓಬ್ರಯನ್ ನಿರ್ಮಾಪಕರಾಗಿ ಬಂದರು. 'ಬುಲ್ಸ್ ಆನ್ ಪರೇಡ್'ನಲ್ಲಿ ಡಿಜೆ ರೆಕಾರ್ಡ್ ಕೆರೆದಂತೆ ಕೇಳಿಸೋದು ಡಿಜೆ ಅಲ್ಲ, ಮೊರೆಲ್ಲೊ ಗಿಟಾರಿನ ತಂತಿ ಉಜ್ಜುತ್ತಾ ಸ್ವಿಚ್ ಆಡಿಸಿದ ಸದ್ದು. ಅಂದ್ರೆ ಆ ಜಗಳವೇ ಒಂದು ಶಬ್ದವಾಗಿ ಹೊರಬಂತು ಅನ್ನಬಹುದೇನೋ.

ಈ ನಡುವೆ ಡಿ ಲಾ ರೋಚಾ ಮೆಕ್ಸಿಕೋದ ಚಿಯಾಪಾಸ್‌ಗೆ ಹೋಗಿಬರತೊಡಗಿದ್ದರು. 1994ರ ಜನವರಿ 1, ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ದಿನವೇ ಅಲ್ಲಿನ ಮೂಲನಿವಾಸಿ ರೈತರು ಜಪಾಟಿಸ್ಟ ಸೇನೆಯ ಹೆಸರಲ್ಲಿ ಬಂಡೆದ್ದಿದ್ದರು. ಹಳ್ಳಿಗಳ ಸಾಮೂಹಿಕ ಭೂಮಿಗಿದ್ದ ಸಂವಿಧಾನದ ರಕ್ಷಣೆಯನ್ನು ಸರ್ಕಾರ 1992ರಲ್ಲೇ ಸಡಿಲಿಸಿತ್ತು. ಆಲ್ಬಂನ ಮೊದಲ ಹಾಡು 'ಪೀಪಲ್ ಆಫ್ ದ ಸನ್' ಇವರದೇ ಕಥೆ. (ಇದು ನಮಗೆ ದೂರದ ಸುದ್ದಿ ಅನ್ಕೋಬೇಡಿ. ಜಪಾಟಿಸ್ಟರು ಕರೆದ ಸಮಾವೇಶಗಳಿಂದ ಹುಟ್ಟಿ, 1998ರಲ್ಲಿ ಜಿನೀವಾದಲ್ಲಿ ಶುರುವಾದ 'ಪೀಪಲ್ಸ್ ಗ್ಲೋಬಲ್ ಆಕ್ಷನ್' ಜಾಲದಲ್ಲಿ ಕರ್ನಾಟಕ ರಾಜ್ಯ ರೈತ ಸಂಘವೂ ಇತ್ತು.)

ಆಲ್ಬಂ ನೇರ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. 'ಟೈರ್ ಮಿ' ಹಾಡಿಗೆ ಗ್ರ್ಯಾಮಿ ಸಿಕ್ತು. ಮೊದಲ ಆಲ್ಬಂನಷ್ಟು ತಾಜಾ ಅಲ್ಲ ಅಂದ ವಿಮರ್ಶಕರಿದ್ದರು. ಕೊನೆಯ ಕೆಲವು ಹಾಡುಗಳ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಗಟ್ಟಿ ತಕರಾರು ಬೇರೆ: ಬಂಡವಾಳಶಾಹಿ ವಿರುದ್ಧ ಹಾಡೋರು ಸೋನಿ ಒಡೆತನದ ಎಪಿಕ್ ಕಂಪನಿ ಮೂಲಕ ಯಾಕೆ ಮಾರ್ತಾರೆ? ಚಾಮ್‌ಸ್ಕಿ ಪುಸ್ತಕಗಳೂ ದೊಡ್ಡ ಮಳಿಗೆಗಳಲ್ಲೇ ಮಾರಾಟವಾಗ್ತವಲ್ಲ ಅನ್ನೋದು ಮೊರೆಲ್ಲೊ ವಾದ. ಅರ್ಧ ಒಪ್ಪಬಹುದು. ಸಿಡಿಯ ಒಳಪುಟದಲ್ಲಿ ಚೆ, ಫ್ಯಾನನ್ ಮುಂತಾದವರ ಪುಸ್ತಕಗಳ ಚಿತ್ರ ಇತ್ತು, ಹದಿಹರೆಯದವರ ಕೈಗೆ ಆ ಹೆಸರುಗಳನ್ನು ತಲುಪಿಸಿದ್ದು ಸೋನಿಯ ವಿತರಣಾ ಜಾಲವೇ. ಆದರೆ ಅದೇ ಜಾಲ ಇನ್ನೊಂದು ಬಗೆಯ ಕೇಳುಗನನ್ನೂ ಹುಟ್ಟಿಸುತ್ತೆ. 2012ರಲ್ಲಿ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿಯಾದ ಪಾಲ್ ರಯಾನ್, ರೇಜ್ ತನ್ನ ಮೆಚ್ಚಿನ ಬ್ಯಾಂಡ್‌ಗಳಲ್ಲೊಂದು ಅಂದಿದ್ದರು. ನಾವು ಯಾವ ಯಂತ್ರದ ವಿರುದ್ಧ ಇಷ್ಟು ವರ್ಷ ಕಿರುಚಿದೆವೋ ಅದೇ ನೀವು ಅಂತ ಮೊರೆಲ್ಲೊ 'ರೋಲಿಂಗ್ ಸ್ಟೋನ್'ನಲ್ಲಿ ಉತ್ತರ ಬರೆಯಬೇಕಾಯ್ತು.